ಗಂಟೆಗೊಮ್ಮೆ ಹೌದು

ಮೆಟ್ಟಿಲಿನ ತಿರುವಿನಲ್ಲಿ ಅಮ್ಮನ ಶವದ ಪೆಟ್ಟಿಗೆ ಸಿಕ್ಕಿಕೊಂಡಿತು. ಮೇಲೆ ಇಬ್ಬರು, ಕೆಳಗೆ ಇಬ್ಬರು. ನಡುವೆ, ಗೋಡೆಗೆ ಒತ್ತಿಕೊಂಡು ಮಗಳು.

"ತಲೆ ಕಡೆ ಎತ್ರಪ್ಪಾ," ಎಂದ ಸೋದರಮಾವ. "ಒಂದಿನಾನೂ ತಡವಾಗಿ ಹೋದೋಳಲ್ಲ ನಮ್ಮಕ್ಕ. ಇವತ್ತು ನಾವು ತಡ ಮಾಡಿಸ್ತಿದೀವಿ."

ಯಾರೋ ನಕ್ಕರು, ನಕ್ಕದ್ದನ್ನು ಮುಚ್ಚಲು ಕೆಮ್ಮಿದರು. ಪೆಟ್ಟಿಗೆ ಓರೆಯಾಗಿ ಇಳಿಯಿತು.

ಮಣ್ಣು ಮಾಡಿ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅಮ್ಮನ ಪ್ರಯೋಗಾಲಯದ ಮೇಲ್ವಿಚಾರಕಿ ಮಗಳ ಪಕ್ಕ ಬಂದು ಕೂತರು.

"ಕೇಳಬಾರದು, ಆದ್ರೂ ಕೇಳ್ತೀನಿ. ಒಂದು ಮಗುವಿನ ರಕ್ತ ಬಂದು ಕೂತಿದೆ. ಸಂಜೆ ದಾಟಿದ್ರೆ ಜೀವಕೋಶ ಉಳಿಯಲ್ಲ. ಅಮ್ಮನ್ನ ಬಿಟ್ರೆ ಆ ಯಂತ್ರ ಕಲಿತೋಳು ನೀನೊಬ್ಬಳೇ."

"ಸೋಮವಾರ ನಾನು ಭೂಮಾಪನದ ಕೆಲಸಕ್ಕೆ ಸೇರ್ಬೇಕು. ಹೇಳಿದ್ನಲ್ಲಾ."

"ಇವತ್ತೊಂದಿನ."

"ಹನ್ನೊಂದು ವರ್ಷದ ಹಿಂದೆ ಅಮ್ಮನಿಗೂ ಹೀಗೇ ಅಂದಿದ್ರಂತೆ."

ಚಿಕ್ಕಮ್ಮ ನಡುವೆ ಬಾಯಿ ಹಾಕಿದಳು. "ಕೈಗೆ ಬಂದ ತುತ್ತು ಯಾರಾದ್ರೂ ಬೇಡ ಅಂತಾರೇನೇ? ನೆರಳಲ್ಲಿ ಕೂತು ಮಾಡೋ ಕೆಲಸ ಬಿಟ್ಟು, ಬಿಸಿಲಲ್ಲಿ ಹೊಲ ಅಳೀತಾಳಂತೆ!"

* * *

ಮೂರು ತಿಂಗಳ ಹಿಂದೆ, ಕಾಯಿಲೆ ಬಲಿತಾಗ, ಅಮ್ಮ ಅವಳನ್ನು ಮೊದಲ ಸಲ ಕರೆದೊಯ್ದಿದ್ದಳು. ಒಂದು ಕಾಲಕ್ಕೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಜೀವಕೋಶಗಳನ್ನು ಬೇರ್ಪಡಿಸುತ್ತಿದ್ದವಳು ಅಮ್ಮ; ಅಲ್ಲಿ ಅವಳ ಹೆಸರೇ ಜರಡಿಯಕ್ಕ. ಆಮೇಲೆ ಉಗುರಗಲದ ಗಾಜಿನ ಚಿಪ್ ಬಂತು. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆ. ಕೋಶಗಳು ಒಂದರ ಹಿಂದೊಂದು ಹರಿದು ಬರುತ್ತವೆ. ಕಿವಿಗೆ ಕೇಳದ ಸದ್ದಿನ ಅಲೆಯೊಂದು ಹೂವಿನಂತೆ ತಾಕುತ್ತದೆ. ಬೇಕಾದ್ದು ಎಡಕ್ಕೆ, ಬೇಡವಾದ್ದು ಬಲಕ್ಕೆ. ಅಮ್ಮನ ವಾರದ ಕೆಲಸ ಅದಕ್ಕೆ ಒಂದು ಹೊತ್ತಿನದು.

ಗಂಟೆಗೊಮ್ಮೆ ಮಾತ್ರ ಯಂತ್ರ ಪರದೆಯ ಮೇಲೆ ಕೇಳುತ್ತದೆ: ಮುಂದುವರಿಸಲೇ? ಯಂತ್ರ ಕಲಿತ ಮನುಷ್ಯರೊಬ್ಬರೇ 'ಹೌದು' ಒತ್ತಬೇಕೆಂಬುದು ನಿಯಮ. ಒತ್ತದಿದ್ದರೆ ನಿಂತುಬಿಡುತ್ತದೆ, ಒಳಗಿನ ಕೋಶಗಳು ಸಾಯುತ್ತವೆ.

"ಇಷ್ಟೇನಾ ಅಮ್ಮಾ?"

"ಇಷ್ಟೇ. ಮನೇಲಿ ಹೇಳ್ಬೇಡ. ನಾನೇ ಎಲ್ಲಾ ನಡೆಸ್ತೀನಿ ಅಂದ್ಕೊಂಡಿದಾರೆ."

"ಒಂದಿನ 'ಇಲ್ಲ' ಅಂತ ಒತ್ತಿ ಎದ್ದು ಬರೋದಲ್ವಾ?"

ಅಮ್ಮ ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ದಿನಾ ಇದರೊಳಗೆ ಯಾರದೋ ಮಗು ಇರುತ್ತೆ ಕಣೇ. ಯಾವತ್ತು ಒತ್ಲಿ, ಹೇಳು."

* * *

"ಮಗುವಿಗೆ ಎಷ್ಟು ವಯಸ್ಸು?" ಎಂದು ಕೇಳಿದಳು ಮಗಳು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ತಿಳಿಯಿತು.

"ನಾಲ್ಕು."

ಚಿಕ್ಕಮ್ಮ ಚಪ್ಪಲಿ ತಂದು ಅವಳ ಕಾಲ ಬಳಿಯೇ ಇಟ್ಟಳು. ಸೋದರಮಾವ ಬಾಗಿಲು ಹಿಡಿದು ನಿಂತ. ಮೇಲ್ವಿಚಾರಕಿ ಕಾರು ಹೊರಡಿಸಿದರು.

ಪ್ರಯೋಗಾಲಯದ ಕಾವಲುಗಾರ ಎದ್ದು ನಿಂತು ಟೋಪಿ ತೆಗೆದ. "ನಿಮ್ಮ ತಾತ್ಕಾಲಿಕ ಕಾರ್ಡು ನಿನ್ನೆಗೆ ಮುಗೀತಮ್ಮಾ. ಹೊಸದಕ್ಕೆ ಒಂದು ವಾರ ಬೇಕು. ಅಲ್ಲೀವರೆಗೆ ಇದರಲ್ಲೇ ಹೋಗಿ," ಎಂದು ಮೇಜಿನ ಖಾನೆಯಿಂದ ಇನ್ನೊಂದು ಕಾರ್ಡು ತೆಗೆದುಕೊಟ್ಟ.

ಅವಳು ಕಾರ್ಡನ್ನು ಬಾಗಿಲಿಗೆ ತಾಗಿಸಿದಳು. ಹಸಿರು ದೀಪ ಹೊತ್ತಿತು. ಪರದೆಯ ಮೇಲೆ ಅಮ್ಮನ ಮುಖ ಮೂಡಿತು. ಅದರ ಕೆಳಗೆ ಅಕ್ಷರ: ಒಳಗಿದ್ದಾರೆ.