ಮಿಕ್ಕಿದ್ದು ಹೇಳಿದವರಿಗೆ

ಆ ಬೆಳಗ್ಗೆ ಗಾಳಿ ಬಿದ್ದುಹೋಗಿತ್ತು. ಮೂರು ದಿನ ಬಯಲನ್ನೆಲ್ಲ ಜಾಲಾಡಿದ ಗಾಳಿ ಒಮ್ಮೆಗೇ ಸುಮ್ಮನಾಗಿ, ಹುಲ್ಲಿನ ಮೇಲೆ ಹಿಮ ಉಪ್ಪಿನ ಹಾಗೆ ಕೂತಿತ್ತು. ಉದ್ವಲ್ ಟೀಚರು ಎಂದಿನಂತೆ ಒಂದು ಸೌಟು ಹಾಲನ್ನು ಆಕಾಶಕ್ಕೆ ಎರಚಿ ಕೈಮುಗಿದರು. ಇವತ್ತು ಬೇಡಿಕೊಂಡದ್ದು ತ್ಸೆರ್ಮಾಳಿಗಾಗಿ.

ತ್ಸೆರ್ಮಾ ಕುರಿ ಕಾಯುವವರ ಮಗಳು. ಒಂಬತ್ತು ತುಂಬಿದ ಮೇಲೆ, ಈ ಶರತ್ಕಾಲದಲ್ಲಷ್ಟೇ ಶಾಲೆಗೆ ಬಂದವಳು. ಹೆಡ್‌ಮಾಸ್ತರ್ ದಂಬದರ್ಜಾ ಅವಳ ಪರೀಕ್ಷೆಯ ಹಾಳೆ ಹಿಡಿದೇ ತರಗತಿಗೆ ಬಂದರು.

"ಚಿತ್ರದಲ್ಲಿರೋ ಕುರಿಗಳನ್ನ ಬೆರಳಿಟ್ಟು ಎಣಿಸು ಅಂದ್ರೆ ಕೈನ ಅಂಗಿ ತೋಳೊಳಗೆ ಎಳಕೊಂಡು ನಿಂತ್ಲು. ಸೊನ್ನೆ. ನಾಳೆಯಿಂದ ಒಂದನೇ ತರಗತೀಲಿ ಕೂರ್ಲಿ."

"ಆರು ವರ್ಷದವರ ಜೊತೆ ಕೂರಿಸಿದ್ರೆ ಅವಳಪ್ಪ ವಾಪಸ್ ಹಿಂಡಿಗೆ ಕರಕೊಂಡು ಹೋಗ್ತಾನೆ ಸಾರ್. ಆಮೇಲೆ ಅವಳು ಬರಲ್ಲ," ಎಂದರು ಉದ್ವಲ್. "ತೀರ್ಮಾನಕ್ಕೆ ಮುಂಚೆ ಒಂದಾಟ ಆಡಿ."

ಅವರು ನೆಲಕ್ಕೆ ಕಂಬಳಿ ಹಾಸಿ, ಮಕ್ಕಳು ಆಟಕ್ಕೆ ಬಳಸುವ ಕುರಿಯ ಕೀಲುಮೂಳೆಗಳ ಚೀಲ ಬಿಚ್ಚಿದರು.

"ಇದೇನು ಪಾಠಾನಾ, ಜೂಜಾ?"

"ಕೂತು ನೋಡಿ."

ಹೆಡ್‌ಮಾಸ್ತರು, ತ್ಸೆರ್ಮಾ ಸೇರಿ ಆಟಕ್ಕೆ ಆರು ಮಂದಿ ಕೂತರು. ಒಬ್ಬೊಬ್ಬರ ಕೈಗೆ ಆರಾರು ಮೂಳೆ. ಟೀಚರು ಕಂಬಳಿಯ ಮೇಲೆ ಒಂದು ರಾಶಿ ಚೆಲ್ಲುತ್ತಾರೆ. ಆರು ಜನ ಸಮನಾಗಿ ಹಂಚಿಕೊಂಡರೆ ತಲೆಗೆಷ್ಟು, ಮಿಗುವುದೆಷ್ಟು ಎಂದು ಮೊದಲು ಹೇಳಿದವರಿಗೆ ಮಿಕ್ಕ ಮೂಳೆ. ತಪ್ಪು ಹೇಳಿದವರು ಮೂರು ಕೊಡಬೇಕು.

ರಾಶಿ ಚೆಲ್ಲಿತು. ಹೆಡ್‌ಮಾಸ್ತರು ಬೆರಳಿಟ್ಟು ಒಂದು, ಎರಡು ಎನ್ನುತ್ತ ಅವಸರದಲ್ಲಿ "ಏಳೇಳು!" ಅಂದರು.

"ಆರಾರು. ಮಿಕ್ಕಿದ್ದು ಎರಡು," ಎಂದಳು ತ್ಸೆರ್ಮಾ, ಕೈ ತೋಳಿನೊಳಗಿಂದ ತೆಗೆಯದೆ.

ಟೀಚರು ಎಣಿಸಿದರು. ಮೂವತ್ತೆಂಟು. ಸರಿ.

ಎರಡನೇ ಸಲವೂ ಅವರು ತಪ್ಪಿದರು, ಅವಳು ತಪ್ಪಲಿಲ್ಲ. ಹೆಡ್‌ಮಾಸ್ತರ ಕೈ ಬರಿದಾಯಿತು.

"ಸಾರ್, ನಿಮ್ಮ ಹಿಂಡು ತೋಳದ ಪಾಲಾಯ್ತಾ?" ಎಂದ ಪಕ್ಕದ ಹುಡುಗ ಗಲ್ಸನ್. ತರಗತಿ ಗೊಳ್ಳೆಂದಿತು.

"ಬಾಯ್ಮುಚ್ಚೋ ಬಡವಾ," ಎಂದರೂ ಅವರ ಮೀಸೆಯಡಿ ನಗು ನುಸುಳಿತು. "ತ್ಸೆರ್ಮಾ, ಮೂರು ಮೂಳೆ ಸಾಲ ಕೊಡೇ ಮಗಾ. ನೀನು ಎಣಿಸೋದೇ ಕಾಣ್ಲಿಲ್ವಲ್ಲ, ಹ್ಯಾಗೆ ಹೇಳ್ತೀಯ?"

ಅವಳು ಮೂರು ಮೂಳೆ ದಾಟಿಸಿದಳು. "ಬೆರಳು ತೋರಿಸಿ ಎಣಿಸಿದ್ರೆ ಕುರಿಗೆ ಆಗಿಬರಲ್ಲ ಅಂತಾಳೆ ಅಜ್ಜಿ. ದೊಡ್ಡಿಯಿಂದ ಗುಂಪುಗುಂಪಾಗಿ ಬರ್ತವೆ ಸಾರ್, ಗುಂಪನ್ನೇ ನೋಡ್ಬೇಕು. ಒಂದು ಕಮ್ಮಿ ಇದ್ರೆ ಗುಂಪು ಕುಂಟುತ್ತೆ."

ದಂಬದರ್ಜಾ ಕೂಡ ಹಿಂಡಿನ ಹಿಂದೆ ಬೆಳೆದವರೇ. ಬೆರಳು ಚಾಚಿದರೆ ಕೈಗೆ ಏಟು ಕೊಡುತ್ತಿದ್ದ ತಾಯಿಯನ್ನು ಮೂವತ್ತು ವರ್ಷದ ಊರಿನ ವಾಸ ಮರೆಸಿತ್ತು. ತಾನು ಸೊನ್ನೆ ಹಾಕಿದ್ದು ಯಾವುದಕ್ಕೆ ಎಂದು ಈಗ ಅವರಿಗೆ ಹೊಳೆದಿರಬೇಕು. ಮೆಲ್ಲಗೆ ಎರಡೂ ಕೈಗಳನ್ನು ತೋಳಿನೊಳಕ್ಕೆ ಎಳೆದುಕೊಂಡರು.

ಮತ್ತೆ ರಾಶಿ ಬಿತ್ತು. ಅವರು ಬೆರಳಿಡದೆ ಗುಂಪುಗಳನ್ನಷ್ಟೇ ನೋಡಿದರು.

"ಎಂಟೆಂಟು... ಮಿಕ್ಕಿದ್ದು ಮೂರು!"

ಐವತ್ತೊಂದು. ಸರಿ! ಮಕ್ಕಳು ಕಂಬಳಿ ಬಡಿದು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ತ್ಸೆರ್ಮಾ.

ಹೆಡ್‌ಮಾಸ್ತರು ಎದ್ದುಹೋಗಿ ಹಲಗೆಯ ಮೇಲೆ ಐವತ್ತೊಂಬತ್ತನ್ನು ಏಳರಿಂದ ಭಾಗಿಸಲು ಬರೆದು, ಬಳಪವನ್ನು ಅವಳ ಕೈಗಿತ್ತರು. ಹಲಗೆಯ ಮೇಲೆ ಮೂಳೆಗಳಿರಲಿಲ್ಲ, ಬರೀ ಅಂಕಿ. ಹುಡುಗಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಎಂಟು ಎಂದು ಬರೆದು, ಪಕ್ಕದಲ್ಲಿ ಮೂರು ಬರೆದಳು.

"ಮಿಕ್ಕ ಮೂರು ನಂದು!"

ತರಗತಿಯ ಕೇಕೆಗೆ ಕಿಟಕಿಯ ಗಾಜು ನಡುಗಿತು. ಹೆಡ್‌ಮಾಸ್ತರು ಪರೀಕ್ಷೆಯ ಹಾಳೆಯ ಸೊನ್ನೆಯನ್ನು ಹೊಡೆದುಹಾಕಿದರು.

"ಇವಳು ಮೂರನೇ ತರಗತೀಲೇ ಇರ್ತಾಳೆ. ಅವಳಪ್ಪಂಗೆ ನಾನೇ ಹೇಳ್ತೀನಿ. ಮತ್ತೆ ಉದ್ವಲ್, ಆ ಚೀಲ ನಾಳೆ ನಾಲ್ಕನೇ ತರಗತಿಗೂ ಬೇಕು."

ಉದ್ವಲ್ ಬಾಗಿಲ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. ತಿರುಗಿ ನೋಡಿದಾಗ, ಆ ಗದ್ದಲದ ನಡುವೆ ದಂಬದರ್ಜಾ ತ್ಸೆರ್ಮಾಳ ಮುಂದೆ ಬಾಗಿದ್ದರು. ಹಿರಿಯರಿಗೆ ಕೊಡುವ ಹಾಗೆ ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ಸಾಲದ ಮೂರು ಮೂಳೆಗಳನ್ನು ಅವಳ ಬೊಗಸೆಯಲ್ಲಿಟ್ಟರು.