ಹಿಂದಲೆ ಕಸಿದ ಕಸಿ

ಕೊರಟಗೆರೆಯ ಗ್ರಾಮಸೇವಕ ಚಿಕ್ಕನರಸಯ್ಯ ಬಸ್ಸಿನಲ್ಲಿ ಕಡೇ ಸೀಟು ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ. ಅದು ಸಿಗದಿದ್ದರೆ ಬಸ್ಸನ್ನೇ ಬಿಡುತ್ತಿದ್ದ. ಟೂರಿಂಗ್ ಟಾಕೀಸಿನಲ್ಲಿ ಕಂಬ ಹುಡುಕಿ ಅದಕ್ಕೆ ತಲೆ ಆನಿಸುತ್ತಿದ್ದ. ರೈತರಿಗೆ ಮಾವಿನ ಕಸಿ ಕಲಿಸುವಾಗ ಮುಖ ರೈತರ ಕಡೆ, ಕೈ ಬೆನ್ನ ಹಿಂದಿನ ಗಿಡದ ಕಡೆ. "ಗ್ರಾಮಸೇವಕ್ರು ಏಡಿ ನಡ್ದಂಗೆ ನಡೀತವ್ರೆ ಕಣ್ಲಾ" ಎಂದು ಒಬ್ಬ ರೈತ ಇನ್ನೊಬ್ಬನಿಗೆ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಕಿವಿಗಳೇನೋ ಎರಡೂ ನೆಟ್ಟಗಿದ್ದವು. ಎರಡು ಕಿವಿಗಳ ನಡುವೆ, ಹಿಂದುಗಡೆ ಇದ್ದದ್ದೇ ತೊಂದರೆ.

ಹಿಂದುಮುಂದು ನೋಡದೆ ಮಾಡಿಕೊಂಡ ಎಂದು ಯಾರಾದರೂ ಅಂದರೆ ಅದು ಅರ್ಧ ಸುಳ್ಳು. ಮುಂದನ್ನು ಅವನು ಕನ್ನಡಿ ಸವೆಯುವಷ್ಟು ನೋಡಿದ್ದ. ಹಿಂದನ್ನು ನೋಡಿರಲಿಲ್ಲ.

ನರೆ ಬರುವುದಕ್ಕೆ ಮೊದಲೇ ನರಸಯ್ಯನ ಮುಂದಲೆ ಬರಿದಾಗಿತ್ತು. ಅವನಿಗೆ ಬಡ್ತಿ ಸಿಗದಿದ್ದರೂ ಅವನ ಹಣೆಗೆ ನೆತ್ತಿಯವರೆಗೆ ಸಿಕ್ಕಿತ್ತು. ಪಾವಗಡದ ಬಸ್ಸಿನ ಕಂಡಕ್ಟರೊಬ್ಬ "ಓ ಬಟ್ಟತಲಾ, ಲೋಪಲಿಕಿ ಜರುಗು" ಎಂದು ಒಳಕ್ಕೆ ತಳ್ಳಿದಾಗ, ಬೋಳುತಲೆಗೆ ತೆಲುಗಿನಲ್ಲಿ ಬಟ್ಟತಲ ಅನ್ನುತ್ತಾರೆಂದು ಕಲಿತ. ಅವನಿಗೆ ಬರುತ್ತಿದ್ದ ತೆಲುಗು ಹೆಚ್ಚುಕಡಿಮೆ ಅಷ್ಟೇ.

ಅರವತ್ತಾರನೇ ಇಸವಿಯಲ್ಲಿ ನಿಡುಗಲ್ಲಿನ, ತೆಲುಗು ಮನೆಮಾತಿನ ಪೆದ್ದಣ್ಣನ ಮಗಳು ಆಂಜಿನಮ್ಮನನ್ನು ನೋಡಲು ಹೋದ. ಆಗ ಹೊಸದಾಗಿ ಬಂದಿದ್ದ ಟೆರಿಲಿನ್‌ನಲ್ಲಿ ಗೆಳೆಯ ಶಫೀವುಲ್ಲಾ, ಶಿರಾದ ದರ್ಜಿ, ಅಂಗಿ ಹೊಲಿದು ಕೊಟ್ಟಿದ್ದ. ಹುಡುಗಿ ಕಾಫಿ ಲೋಟ ಇಟ್ಟು ಒಳಗೆ ಹೋದಳು. ಬಾಗಿಲ ಮರೆಯಲ್ಲಿ ಅವಳು ತನ್ನ ಸೋದರತ್ತೆ ಚಿಕ್ಕಕ್ಕನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅದರಲ್ಲಿ "ಬಟ್ಟ" ಎನ್ನುವ ಒಂದು ಮಾತು ಮಾತ್ರ ಇವನಿಗೆ ಕೇಳಿಸಿತು. ಆಮೇಲೆ ಇಬ್ಬರ ನಗು.

ಹುಡುಗಿ ಒಪ್ಪಿದ್ದಾಳೆಂದು ಪೆದ್ದಣ್ಣ ಹೇಳಿ ಕಳಿಸಿದ. ಆದರೂ ಆ ನಗು ಬೋಳು ನೆತ್ತಿಯ ಮೇಲೆ ನೊಣದಂತೆ ಕೂತೇ ಇತ್ತು. ಟ್ರೈನಿಂಗ್ ಇದೆ ಎಂದು ಸುಳ್ಳು ಹೇಳಿ ಮದುವೆಯನ್ನು ಒಂದು ವರ್ಷ ಮುಂದೂಡಿಸಿದ. ಮುಂದಲೆಗೋಸ್ಕರ ಮುಂದೂಡಿಕೆ.

ಬ್ಲಾಕ್ ಆಫೀಸಿಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಬೊಂಬಾಯಿಯ ಒಬ್ಬ ಡಾಕ್ಟರ ಸುದ್ದಿ ಬಂದಿತ್ತು. ವಿಲಾಯಿತಿಯಲ್ಲಿ ಕಲಿತವರು, ತಲೆಯ ಹಿಂದಿನ ಕೂದಲನ್ನು ಚರ್ಮ ಬೇರು ಸಮೇತ ತೆಗೆದು ಮುಂದೆ ಕೂರಿಸುವವರು. ಅದಕ್ಕೆ ಗ್ರಾಫ್ಟು ಎಂದು ಬರೆದಿತ್ತು. ಗ್ರಾಫ್ಟು ಅಂದರೆ ಕಸಿ. ಕಸಿ ಅಂದರೆ ಚಿಕ್ಕನರಸಯ್ಯನ ಅನ್ನ. ತಾಯಿಮರದಲ್ಲಿ ಒಂದು ಕುಡಿ ಕೊಯ್ದರೆ ಎರಡು ಚಿಗುರುತ್ತವೆ ಎಂದು ತಾಲ್ಲೂಕಿಗೆಲ್ಲ ಪಾಠ ಹೇಳಿದವನು ಅವನೇ. ಹಿಂದೆ ತೆಗೆದದ್ದು ಮತ್ತೆ ಬರುತ್ತದೆಯೇ ಎಂದು ಡಾಕ್ಟರನ್ನು ಕೇಳುವುದು ತನ್ನ ಉದ್ಯೋಗಕ್ಕೇ ಅವಮಾನ ಅನ್ನಿಸಿತು. ಕೇಳಲಿಲ್ಲ.

ಬೊಂಬಾಯಿಯಲ್ಲಿ ಅವನನ್ನು ಬೋರಲು ಮಲಗಿಸಿ, ಹಿಂದಲೆಗೆ ಸೂಜಿ ಚುಚ್ಚಿ ಮರಗಟ್ಟಿಸಿದರು. ನೋವಿರಲಿಲ್ಲ, ಶಬ್ದವಿತ್ತು. ಕಾಗದಕ್ಕೆ ತೂತು ಹೊಡೆಯುವ ಯಂತ್ರದ ಹಾಗೆ ಏನೋ ಒಂದು ಕಚಕ್ ಕಚಕ್ ಎಂದು ಹಸಿ ಚರ್ಮ ಕಡಿಯುತ್ತಿತ್ತು. ಕತ್ತಿನ ಮೇಲೆ ಬೆಚ್ಚಗೆ ಹರಿದದ್ದು ಬೆವರೆಂದುಕೊಂಡ. ನರ್ಸು ಒರೆಸಿದ ಬಟ್ಟೆ ಕೆಂಪಗಿತ್ತು. ಪಕ್ಕದ ಬಟ್ಟಲಿನ ಉಪ್ಪುನೀರಿನಲ್ಲಿ ಅವನ ತಲೆಯ ಚೂರುಗಳು ನೆನೆಯುತ್ತಿದ್ದವು. ಒಂದೊಂದೂ ತೊಗರಿಬೇಳೆಯಷ್ಟಗಲ, ಮೇಲೆ ನಾಲ್ಕಾರು ಕೂದಲು ಮೀಸೆಯಂತೆ ನಿಂತಿದ್ದವು. ಅವತ್ತಿನಿಂದ ಅವನು ಬೇಳೆಸಾರು ಬಿಟ್ಟ.

ಡಾಕ್ಟರು ಮೂಗಿನಲ್ಲೇ ಮಾತಾಡುವವರು. "ದಿಸ್ ಈಸ್ ಯುವರ್ ಡೋನರ್ ಏರಿಯಾ, ಮಿಸ್ಟರ್ ನಾರಾಸಾಯಾ. ಇನಫ್, ಇನಫ್ ಫಾರ್ ಯೂ." ಡೋನರ್ ಅಂದರೆ ದಾನಿ. ದಾನ ಕೊಡುವ ತಲೆಯೂ ತನ್ನದೇ, ಕೈಯೊಡ್ಡುವ ತಲೆಯೂ ತನ್ನದೇ ಆದಮೇಲೆ ಜಿಪುಣತನವೇಕೆ ಎಂದು ಚಿಕ್ಕನರಸಯ್ಯನಿಗೆ ಅನ್ನಿಸಿತು. ಇನ್ನೂ ಕೊಯ್ಯಿರಿ ಎಂದು ಹಟ ಹಿಡಿದ. ಕೆಲವು ತಿಂಗಳ ಮೇಲೆ ಎರಡನೇ ಸಲವೂ ಹೋಗಿ ಕೊಯ್ಯಿಸಿಕೊಂಡ. ತಾಯಿಮರ ಗಟ್ಟಿಯಾಗಿದೆ ಎಂದು ಡಾಕ್ಟರಿಗೆ ಧೈರ್ಯ ಹೇಳಿದ.

ಊರಿಗೆ ಬಂದಮೇಲೆ ಹಕ್ಕಳೆಗಳ ಕಾಲ. ಬಗ್ಗಿ ಊಟಕ್ಕೆ ಕೂತರೆ ಮುಂದಲೆಯಿಂದ ಕಂದುಬಣ್ಣದ ಚಕ್ಕೆ ಮುದ್ದೆಯ ಮೇಲೆ ಉದುರುತ್ತಿತ್ತು. ದಿಂಬಿಗೆ ಮುಲಾಮೂ ಕೀವೂ ಬೆರೆತ ವಾಸನೆ ಹತ್ತಿ, ಒಗೆದರೂ ಹೋಗದೆ, ಕೊನೆಗೆ ಅದನ್ನು ಸುಟ್ಟ. ಆಮೇಲೆ ಮುಂದೆ ಕೂದಲು ಬಂತು ನಿಜ. ತುಸುತುಸು ದೂರಕ್ಕೆ ಒಂದೊಂದು ಗುಡ್ಡೆ, ಹಲ್ಲುಜ್ಜುವ ಬ್ರಷ್ಷಿನ ಹಾಗೆ. ದೂರದಿಂದ ನೋಡಿದರೆ ಕೂದಲು, ಹತ್ತಿರದಿಂದ ನೋಡಿದರೆ ಕೃಷಿ. ಹಿಂದಿನದು ಚಿಗುರಲಿ ಎಂದು ಕಾದ. ಬೆರಳಾಡಿಸಿದರೆ ನುಣ್ಣನೆಯ ಗುಳಿಗಳು. ಬೆರಳನ್ನು ತಕ್ಷಣ ಪಂಚೆಗೆ ಒರೆಸಿಕೊಳ್ಳುತ್ತಿದ್ದ.

ಮದುವೆಯ ಅಂಗಿಯ ಅಳತೆಗೆಂದು ಶಿರಾಕ್ಕೆ ಹೋದಾಗ ಶಫೀವುಲ್ಲಾನ ಅಂಗಡಿಯಲ್ಲಿ ಎದುರುಬದುರು ಎರಡು ಕನ್ನಡಿ. ಮೊದಲ ಸಲ ತನ್ನ ಹಿಂದಲೆಯನ್ನು ತಾನೇ ಕಂಡ. ನುಸಿ ತಿಂದ ಕಂಬಳಿ. ಬಿಳಿಚಿದ ದುಂಡು ಕಲೆಗಳು, ನಡುನಡುವೆ ಬಡಕಲು ಕೂದಲು, ಅದರ ಕೆಳಗೆ ಹೊಳೆಯುವ ಚರ್ಮ.

ಬೊಂಬಾಯಿಯ ಕತೆಯನ್ನೆಲ್ಲ ಮೊದಲೇ ಕೇಳಿದ್ದ ಶಫೀವುಲ್ಲಾ ಟೇಪು ಕೊರಳಿಗೆ ಹಾಕಿಕೊಂಡು ನಿಧಾನವಾಗಿ ಅವನ ಸುತ್ತ ಒಂದು ಸುತ್ತು ಹೊಡೆದ. "ಥೂ ಥೂ. ಅರೆ ನರ್ಸಯ್ಯ, ಕಾಲರ್‌ಗೆ ಬಟ್ಟೆ ಸಾಲ್ದು ಅಂತ ಬೆನ್ನಿಂದು ಕತ್ತರಿಸವ್ನಲ್ಲಯ್ಯ. ಅಂಥ ದರ್ಜಿ ನಮ್ಮ ಬಜಾರ್‌ನಾಗಿದ್ರೆ ಮಿಷನ್ನು ಕಿತ್ಕೊಂಡು ಓಡಿಸ್ತಿದ್ವಿ."

"ಕಸಿ ಕಣಯ್ಯ ಅದು. ಮತ್ತೆ ಬರ್ಬೇಕಾಗಿತ್ತು."

"ಬರ್ಬೇಕಾಗಿತ್ತಂತೆ. ಕಸಿ ಅಂದ್ರೆ ಕಿತ್ಕೊಳ್ಳಾದು ಅಂತಾನೂ ಅಲ್ವಾ ನಿಮ್ಮ ಕನ್ನಡದಾಗೆ? ಕಸೀತೀನಿ ಅಂದ, ಕಸ್ಕೊಂಡ. ಪಾಪ, ಅವ್ನು ಸುಳ್ಳೇಳಿಲ್ಲ." ಆಮೇಲೆ ಶಫೀವುಲ್ಲಾ ಮೂಗು ಹಿಡಿದುಕೊಂಡು ಡಾಕ್ಟರ ದನಿ ಮಾಡಿದ. "ಇನಫ್ ಮಿಸ್ಟರ್ ನಾರಾಸಾಯಾ, ಇನ್ಮೇಲೆ ಕೂದ್ಲು ಬೇಕಂದ್ರೆ ಮೇಕೆ ಹಿಡ್ಕಂಬಾ."

ಚಿಕ್ಕನರಸಯ್ಯ ನಗಲಿಲ್ಲ. ಪೆದ್ದಣ್ಣನ ಮನೆಯವರು ಇದನ್ನು ಕಂಡರೆ ಮದುವೆ ಅಲ್ಲಿಗೆ ಮುಗಿಯಿತು ಎನ್ನುವುದು ಅವನಿಗೆ ಗೊತ್ತಿತ್ತು. ಇಬ್ಬರೂ ಕೂತು ಯೋಚನೆ ಮಾಡಿದರು. ಚಪ್ಪರದ ಕೆಳಗೆ ಕಾಲಿಟ್ಟಾಗಿನಿಂದ ರುಮಾಲು ತೆಗೆಯುವುದು ಬೇಡ. ಎಣ್ಣೆಶಾಸ್ತ್ರಕ್ಕೆ ಮಾತ್ರ ಬರಿತಲೆಯಲ್ಲಿ ಕೂರಬೇಕು. ಆದರೆ ಅವನ ಹುಟ್ಟೂರು ಮಧುಗಿರಿಯಲ್ಲಿ ಮನೆಯವರ ಎಣ್ಣೆಶಾಸ್ತ್ರ ಅಂದರೆ ಗರಿಕೆಯನ್ನು ಎಣ್ಣೆಗೆ ಅದ್ದಿ ನೆತ್ತಿಗೆ ಮುಟ್ಟಿಸುವುದು, ಅಷ್ಟೇ. ಗೋಡೆಗೆ ಒರಗಿ ಕೂತರಾಯಿತು.

ನಿಡುಗಲ್ಲಿನಲ್ಲಿ ಮದುವೆಯ ಹಿಂದಿನ ದಿನ ಗಂಡನ್ನೂ ಹೆಣ್ಣನ್ನೂ ಒಂದೇ ಹಾಸಿನ ಮೇಲೆ ಕೂರಿಸಿದರು. ಚಿಕ್ಕನರಸಯ್ಯ ಗೋಡೆಗೆ ಅಂಟಿಕೊಂಡ. ಶಫೀವುಲ್ಲಾ ಕಾವಲಿನವನಂತೆ ಪಕ್ಕದಲ್ಲಿ ನಿಂತ. ಚಿಕ್ಕಕ್ಕ ಬೆಚ್ಚಗಿನ ಹರಳೆಣ್ಣೆಯ ಬಟ್ಟಲು ಹಿಡಿದು ಬಂದಳು. ಕೈಯಲ್ಲಿ ಗರಿಕೆ ಇರಲಿಲ್ಲ.

"ಗರಿಕೆ ಎಲ್ಲಮ್ಮ?" ಎಂದ ಇವನು.

"ಗರಿಕೆ ಎಂದುಕು? ಗರಿಕೆ ಗಣಪ್ಪನಿಗೆ. ಅಳಿಯನ್ಗೆ ನಮ್ಮನೇಲಿ ತಟ್ಟಿ ತಟ್ಟಿ ತಿಕ್ಕಾದು ಕಣಪ್ಪ. ಬಾ, ಮುಂದಕ್ಕೆ ಬಾ. ಗೋಡೆಗೇನು ನೀನು ಹಲ್ಲೀನಾ?"

ಹೆಂಗಸರೆಲ್ಲ ನಕ್ಕರು. ಯಾರೋ ಅವನ ಭುಜ ಹಿಡಿದು ಮುಂದಕ್ಕೆ ಎಳೆದರು. ಚಿಕ್ಕಕ್ಕನ ಅಂಗೈ ನೆತ್ತಿಯ ಮೇಲೆ ಬಿತ್ತು, ಗುಡ್ಡೆಗುಡ್ಡೆಗಳ ಮೇಲೆ ಒಂದು ಕ್ಷಣ ತಡೆಯಿತು, ಆಮೇಲೆ ಎಣ್ಣೆಯ ಜೊತೆ ಹಿಂದಕ್ಕೆ ಜಾರಿತು. ಅಲ್ಲಿ ನಿಂತಿತು. ಅವಳ ಬೆರಳುಗಳು ಒಂದು ಗುಳಿ, ಅದರ ಪಕ್ಕ ಇನ್ನೊಂದು ಗುಳಿ ಮುಟ್ಟುತ್ತ ಹೋಗುವುದು ಅವನಿಗೆ ತಿಳಿಯುತ್ತಿತ್ತು. ಬೆರಳುಗಳು ತಟ್ಟನೆ ತಲೆ ಬಿಟ್ಟು ಹಿಂದೆ ಸರಿದವು. ಅವಳು ಕೈಯನ್ನು ಮೂಸಿ, ಸುಣ್ಣ ಬಳಿದ ಗೋಡೆಗೆ ಒರೆಸಿದಳು. ಐದು ಬೆರಳಿನ ಎಣ್ಣೆಗೆರೆ ಗೋಡೆಯ ಮೇಲೆ ಮೂಡಿತು.

"ಇದೇಮಿ ಇದಿ? ದುಂಡುದುಂಡುಗೆ ಐತೆ. ಹುಳುಕಡ್ಡಿ. ಅಣ್ಣಾ, ಇಲ್ಲಿ ಬಾ, ಅಳಿಯನ ತಲೆ ತುಂಬ ಹುಳುಕಡ್ಡಿ ಐತೆ. ನಾಳೆ ಹುಡುಗೀಗೂ ಅಂಟ್ಕಂತೈತೆ."

ಹಾಸಿನ ಹತ್ತಿರ ಕೂತಿದ್ದ ಹೆಂಗಸರು ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದರು. ಪೆದ್ದಣ್ಣ ಬಂದು ನೋಡಿದ. ಅವನ ಮುಖ ಹುಳಿ ಕುಡಿದಂತಾಯಿತು. "ಎಣ್ಣೆ ನಿಲ್ಸು. ರೋಗದೋನಿಗೆ ನನ್ನ ಮಗಳ್ನ ಕೊಡಾಕಾಗಲ್ಲ."

"ರೋಗ ಅಲ್ಲ ಮಾವ. ಕಸಿ."

"ಕಸಿನಾ?" ಪೆದ್ದಣ್ಣ ಹುಬ್ಬು ಗಂಟಿಕ್ಕಿದ. ತೆಲುಗಿನಲ್ಲಿ ಕಸಿ ಅಂದರೆ ಹಗೆ. "ಎವರಿಕಿ ಕಸಿ? ಯಾರಿಗೆ ನಿನ್ ಮೇಲೆ ಅಷ್ಟು ಕಸಿ? ಯಾವೂರಿನ ಹೆಣ್ಣಿನ ಕಡೆಯೋರು ಇಂಗೆ ಸುಟ್ಟು ಕಳ್ಸಿದ್ರು ಹೇಳು."

"ಯಾರಿಗೂ ಇಲ್ಲ ಸಾಬ್" ಎಂದು ಶಫೀವುಲ್ಲಾ ನಡುವೆ ಬಾಯಿ ಹಾಕಿದ. "ತಲೆ ಇವ್ನುದೇ, ಕಸಿ ಇವ್ನುದೇ. ಇವ್ನಿಗೆ ಇವ್ನ ಮೇಲೇ."

ಬೇರೆ ದಾರಿ ಇರಲಿಲ್ಲ. ತಲೆಯಿಂದ ಎಣ್ಣೆ ಕಣ್ಣಿಗಿಳಿಯುತ್ತಿರಲು ಚಿಕ್ಕನರಸಯ್ಯ ಎಲ್ಲವನ್ನೂ ಹೇಳಿದ. ಬೊಂಬಾಯಿ, ಕಚಕ್ ಕಚಕ್, ಉಪ್ಪುನೀರಿನ ಬಟ್ಟಲು. ಬಟ್ಟಲಿನ ಮಾತು ಬಂದಾಗ ಒಬ್ಬ ಮುದುಕಿ ಎದ್ದು ಅಂಗಳಕ್ಕೆ ಹೋಗಿ ಉಗುಳಿದಳು. ಕಡೆಗೆ, ನೆಲ ನೋಡುತ್ತ, ಯಾಕೆ ಎನ್ನುವುದನ್ನೂ ಹೇಳಿದ. "ಅವತ್ತು ಬಾಗಿಲ ಹಿಂದೆ ಇವಳು ಬಟ್ಟ ಅಂದು ನಕ್ಕಳು."

ಪಕ್ಕದಲ್ಲಿ ಅರಿಶಿಣ ಮೆತ್ತಿಕೊಂಡು ಕೂತಿದ್ದ ಆಂಜಿನಮ್ಮ ಮೊದಲ ಸಲ ಅವನ ಕಡೆ ತಿರುಗಿದಳು.

"ಬಟ್ಟ ಬಾಗುಂದಿ ಅಂದೆ. ಬಟ್ಟೆ ಚೆನ್ನಾಗೈತೆ ಅಂತ. ಅಂಗಿ ಬಟ್ಟೆ. ಅಂಥದ್ದು ನಾವು ನೋಡೇ ಇರ್ಲಿಲ್ಲ."

"ನಾನೇ ಹೊಲ್ದಿದ್ದು ಅದು" ಎಂದು ಶಫೀವುಲ್ಲಾ ಮೆಲ್ಲಗೆ ಹೇಳಿಕೊಂಡ.

"ಮತ್ತೆ ತಲೆ?" ಎಂದ ಚಿಕ್ಕನರಸಯ್ಯ. "ತಲೆ ನೋಡ್ಲಿಲ್ವಾ?"

"ನೋಡಿದ್ನಲ್ಲ. ನಮ್ಮಪ್ಪಂದೂ ಅಂಗೇ ಐತೆ."

ಪೆದ್ದಣ್ಣ ರುಮಾಲು ಬಿಚ್ಚಿ ಬೆವರು ಒರೆಸಿಕೊಂಡ. ಒಳಗಿನದು ನಿಡುಗಲ್ಲಿನ ಬಂಡೆಯಂತೆ ಬೋಳಾಗಿ ಹೊಳೆಯಿತು.

ಆಂಜಿನಮ್ಮ ಎದ್ದಳು. ಅವನ ಹಿಂದೆ ಹೋಗಿ ನಿಂತು ಬಾಗಿ ನೋಡಿದಳು. ಬೆನ್ನ ಹಿಂದೆ ಅವಳ ಉಸಿರು ಒಂದು ಸಲ ನಿಂತು, ಮೂಗಿನಿಂದ ಜೋರಾಗಿ ಹೊರಬಂದದ್ದು ಅವನಿಗೆ ಕೇಳಿಸಿತು.

"ಅಸಹ್ಯವಾಗೈತೆ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಹಳಸಿದ ಸಾರಿನ ಮುಚ್ಚಳ ತೆಗೆದವಳ ದನಿ ಅದು. "ರೋಗ ಅಲ್ಲ ಅತ್ತೆ. ಈ ಮನೇಲಿ ಪೆದ್ದಣ್ಣ ಅನ್ನಾ ಹೆಸ್ರು ನಮ್ಮಪ್ಪಂದು, ಕೆಲ್ಸ ಇವ್ರುದು. ಅಂಟಾ ಜಾಡ್ಯ ಆಗಿದ್ರೆ ಬ್ಯಾಡ ಅಂತಿದ್ದೆ. ಪೆದ್ದತನ ಅಂಟಲ್ಲ."

"ಒಪ್ಕಂತೀಯಾ ಹಂಗಾರೆ?" ಎಂದಳು ಚಿಕ್ಕಕ್ಕ, ಕೈಯನ್ನು ಇನ್ನೂ ಮೈಯಿಂದ ದೂರ ಹಿಡಿದುಕೊಂಡು.

"ಒಂದು ಮಾತೈತೆ. ಹೆಂಡ್ತಿ ಆದೋಳು ಗಂಡನ ಹಿಂದೆ ನಡೀಬೇಕಲ್ವಾ, ಸಾಯೋಗಂಟ ಇದ್ನ ನೋಡ್ಕಂಡು ನಡ್ಯಾಕೆ ನನ್ ಕೈಲಾಗಲ್ಲ. ನಾನು ಮುಂದೆ. ನಾಳೆ ಹಸೆ ಸುತ್ತ ಬರಾಗಿನಿಂದ್ಲೇ."

ಪೆದ್ದಣ್ಣ ಬೋಳುತಲೆ ಕೆರೆದುಕೊಂಡ. ಚಿಕ್ಕಕ್ಕ ಎಲ್ಲಾದರೂ ಉಂಟೇ ಎಂದು ಗೊಣಗಿದಳು. ಆದರೆ ಮತ್ತೆ ಎಣ್ಣೆಯ ಬಟ್ಟಲು ಹಿಡಿದು ಆ ತಲೆಯನ್ನು ಮುಟ್ಟುವುದಕ್ಕಿಂತ ಒಪ್ಪುವುದೇ ಅವಳಿಗೆ ಸುಲಭವಾಗಿತ್ತು.

ಮರುದಿನ ಹಸೆಯ ಸುತ್ತ ಮದುಮಗಳು ಮುಂದೆ, ರುಮಾಲಿನ ಮದುಮಗ ಹಿಂದೆ. ಜನ ಬಾಯಿಗೆ ಕೈ ಹಿಡಿದು ನೋಡಿದರು. ಚಿಕ್ಕನರಸಯ್ಯನ ಕಣ್ಣೆದುರು ಅವಳ ಜಡೆ ಸೊಂಟದವರೆಗೆ ತೂಗುತ್ತಿತ್ತು. ಕಿವಿಯಿಂದ ಕಿವಿಗೆ, ಕತ್ತಿನವರೆಗೆ, ಬೆರಳು ತೂರದಷ್ಟು ಒತ್ತಾದ ಕೂದಲು. ತಾಯಿಮರ ಗಟ್ಟಿಯಾಗಿದೆ ಎಂದು ಅವನ ಕಣ್ಣು ತನ್ನಷ್ಟಕ್ಕೆ ತಾನೇ ಅಳೆಯತೊಡಗಿತು. ಇಲ್ಲಿಂದ ಇಷ್ಟು ತೆಗೆದರೆ ಯಾರಿಗೂ ತಿಳಿಯುವುದಿಲ್ಲ; ಇಲ್ಲಿಂದ ಇನ್ನಷ್ಟು.

ಮಲ್ಲಿಗೆಯ ನಡುವೆ ಆ ಮುಲಾಮಿನ ವಾಸನೆ ಬಂದಂತಾಯಿತು. ಕಣ್ಣನ್ನು ಅವಳ ಹಿಮ್ಮಡಿಗೆ ಇಳಿಸಿ, ಉಗುಳು ನುಂಗುತ್ತ, ಅವಳು ಎಳೆದಂತೆ ಅವಳ ಹಿಂದೆ ನಡೆದ.