ರಕ್ತ ಕಾಣದ ಪೆಟ್ಟು

ಪಾಲಾಕ್ಷನಿಗೆ ಆ ದಿನದ ತನ್ನ ಕೊನೆಯ ರೈಡಿನ ನೆನಪಿರಲಿಲ್ಲ.

೨೦೦೩ನೇ ಇಸವಿ, ದೇವಸಮುದ್ರದ ಕಬಡ್ಡಿ ಫೈನಲ್ಲು. ಚಳ್ಳಕೆರೆಯವರು ಹಿಡಿದು ಕೆಡವಿದಾಗ ಅವನ ತಲೆ ಒಬ್ಬನ ಮಂಡಿಗೆ ಬಡಿದು ಎಚ್ಚರ ತಪ್ಪಿತು. ಅವನ ಅಣ್ಣ ದಾಸಣ್ಣನೇ ತಂಡದ ಕ್ಯಾಪ್ಟನ್. ಹಣೆ, ಕಿವಿ, ಮೂಗು ನೋಡಿದ, ರಕ್ತ ಇರಲಿಲ್ಲ. ಯಾವಾಗಲೂ ಮಾಡುವಂತೆ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ, ನೆತ್ತಿಗೆ ತಣ್ಣೀರು ತಟ್ಟಿದ. ತಮ್ಮ ಕಣ್ಣು ಬಿಟ್ಟು ಎದ್ದು ಕೂತ. ಏಳು ನಿಮಿಷದ ಆಟ ಉಳಿದಿತ್ತು, ಗೆಲ್ಲಲು ಮೂರು ಪಾಯಿಂಟು ಬೇಕಿತ್ತು. ಪಾಲಾಕ್ಷನನ್ನು ಬಿಟ್ಟರೆ ಅಷ್ಟು ತರುವವರು ತಂಡದಲ್ಲಿ ಇರಲಿಲ್ಲ.

ಬಹುಮಾನ ಕೊಡಲು ಬಂದಿದ್ದ ಡಾಕ್ಟರ್ ಸರಿತಾ ಕುರ್ಚಿ ಬಿಟ್ಟು ಬಂದು, ಇವನನ್ನು ಆಡಿಸಬೇಡಿ ಎಂದರು. ಮೊಳಕಾಲ್ಮೂರಿನ ಮಗ್ಗದ ಮನೆಯ ಹೆಣ್ಣುಮಗಳು. ಆಟಗಾರರ ಪೆಟ್ಟು ನೋಡುವುದನ್ನೇ ಓದಿ, ಕಲ್ಕತ್ತಾ, ಮುಂಬಯಿಯಲ್ಲಿ ಆರು ವರ್ಷ ರಗ್ಬಿ ತಂಡಗಳ ಜೊತೆ ತಿರುಗಿದವರು. ರಗ್ಬಿ ಅಂದರೇನು ಎಂದು ಯಾರೋ ಕೇಳಿದರು. ಮೊಟ್ಟೆಯಂಥ ಚೆಂಡು ಹಿಡಿದು ಓಡುವವನನ್ನು ಅಡ್ಡಗಟ್ಟಿ ಕೆಡವುವ ಆಟ ಎಂದರು ಡಾಕ್ಟರು. ನಮ್ಮ ಕಬಡ್ಡಿಗೇ ಚೆಂಡು ಕೊಟ್ಟವ್ರೆ ಬಿಡ್ರಲೇ ಎಂದು ಹುಡುಗರು ನಕ್ಕರು.

ದಾಸಣ್ಣ ನಗಲಿಲ್ಲ. "ಎದ್ದು ಕೂತವ್ನೆ, ಹೆಸರು ಹೇಳ್ತಾನೆ. ಇನ್ನೇನು ಬೇಕ್ರಿ ಡಾಕ್ಟ್ರಮ್ಮ?"

"ಇವತ್ತು ಎದುರಿಗೆ ಯಾವೂರೋರು ಅಂತ ಕೇಳಪ್ಪ."

ದಾಸಣ್ಣ ಕೇಳಿದ. ಪಾಲಾಕ್ಷ ಅಂಕಣದ ಕಡೆ ಸ್ವಲ್ಪ ಹೊತ್ತು ನೋಡಿ, "ರಾಂಪುರದೋರು" ಎಂದ. ಅದು ಹೋದ ವರ್ಷದ ಫೈನಲ್ಲು.

ಡಾಕ್ಟರು ದನಿ ಏರಿಸಲಿಲ್ಲ. "ಕೆಲಸಕ್ಕೆ ಸೇರಿದ ವರ್ಷ ನಾನೂ ಒಬ್ಬನ್ನ ಹಿಂಗೇ ವಾಪಸ್ ಆಟಕ್ಕೆ ಕಳಿಸಿದ್ದೆ. ರಕ್ತ ಇರಲಿಲ್ಲ. ಹತ್ತು ನಿಮಿಷಕ್ಕೆ ಎರಡನೇ ಪೆಟ್ಟು ಬಿತ್ತು. ಈಗ ಅವನಿಗೆ ಅವರವ್ವ ತುತ್ತು ಮಾಡಿ ಉಣ್ಣಿಸ್ತಾರೆ."

ದಾಸಣ್ಣ ತಮ್ಮನ ಬದಲು ಪಾತಣ್ಣ ಎಂಬ ಹುಡುಗನನ್ನು ಅಂಕಣಕ್ಕೆ ಕಳಿಸಿದ.

ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಪಾಲಾಕ್ಷ ಎರಡು ಸಲ ವಾಂತಿ ಮಾಡಿಕೊಂಡ. ಗಾಯವೇ ಇಲ್ಲದ ಮೇಲೆ ಆಸ್ಪತ್ರೆ ಯಾಕೆ ಎಂದು ಅವ್ವ ಕರಿಯಕ್ಕ ಗೊಣಗಿದಳು. "ಪೆಟ್ಟು ಒಳಗೈತವ್ವ," ಎಂದ ದಾಸಣ್ಣ, ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದ. ಅವಳು ಮಗನ ತಲೆಯನ್ನು ಅಲುಗದಂತೆ ಹಿಡಿದು ಕೂತಳು.

ಓದುವವರೇ, ತಲೆಗೆ ಪೆಟ್ಟು ಬಿದ್ದವನನ್ನು ಅವತ್ತು ಮತ್ತೆ ಆಡಿಸಬೇಡಿ. ಎಚ್ಚರ ತಪ್ಪಿದರೆ, ಇಲ್ಲವೇ ವಾಂತಿ, ಜೋರು ತಲೆನೋವು, ಮಂಪರು, ತಪ್ಪುತಪ್ಪು ಮಾತು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರು ಹೇಳುವ ತನಕ ಅಂಕಣಕ್ಕೆ ಇಳಿಸಬೇಡಿ. ಈರುಳ್ಳಿ ಸಾರಿಗೆ ಇರಲಿ.

ದೇವಸಮುದ್ರದವರು ಅವತ್ತು ಎರಡು ಪಾಯಿಂಟಿನಿಂದ ಸೋತರು. ಹೋದದ್ದು ಒಂದು ಷೀಲ್ಡು, ಒಂದು ರೈಡಿನ ನೆನಪು, ಮೂರು ವಾರದ ಆಟ.